ಅಮಾವಾಸ್ಯೆಯ ಗ್ರಾಮಸಭೆ

ಆ ಸಲ ವೃಶ್ಚಿಕ ಮಾಸದ ಅಮಾವಾಸ್ಯೆಗೆ ನೀರು ಅಡುಗೆಮನೆಯ ಹೊಸಿಲು ದಾಟಿ ಒಳಗೆ ಬಂದಾಗ ನನ್ನ ಹೆಂಡತಿ ಮರ್ಗಲೀತ ಅಕ್ಕಿ ತೊಳೆಯುತ್ತಿದ್ದಳು. ನೀರಿನ ಕಡೆ ಅವಳು ನೋಡಲೂ ಇಲ್ಲ. ಸೊಸೆ ಷೈಬಿಯ ಕಡೆ ನೋಡಿದಳು.

“ವಾರ್ಡಿನ ದೂರು ಮನೆ ಬಾಗಿಲಿಗೇ ಬಂದಿದೆ. ಅರ್ಜಿ ತಗೊಳ್ಳಿ ಮೆಂಬರೇ.”

ಷೈಬಿ ಗ್ಯಾಸ್ ಸಿಲಿಂಡರನ್ನು ಕಟ್ಟೆಯ ಮೇಲೆ ಎತ್ತಿಡಲು ಒದ್ದಾಡುತ್ತಿದ್ದಳು. “ಅಮ್ಮಚ್ಚಿ, ಒಂಚೂರು ಕೈ ಹಾಕಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ.”

ಇಬ್ಬರೂ ಸೇರಿ ಸಿಲಿಂಡರ್ ಎತ್ತಿದರು. ಮರ್ಗಲೀತ ಬೈಗುಳವನ್ನು ಮುಂದುವರಿಸಿದಳು.

ಷೈಬಿ ನಮ್ಮ ವಾರ್ಡಿನ ಪಂಚಾಯತಿ ಸದಸ್ಯೆ. ಮಹಿಳೆಯರಿಗೆ ಮೀಸಲಾದ ವಾರ್ಡು. ಪಕ್ಷದವರು ಮನೆಗೆ ಬಂದು ಕೇಳಿದಾಗ ನಮ್ಮ ಮಗ ಸೆಬಾನ್ ಹೂಂ ಅಂದ, ಅವಳು ನಿಂತಳು, ಗೆದ್ದಳು. ಸೆಬಾನನಿಗೆ ಸಹಕಾರ ಸಂಘದ ಮಳಿಗೆಯಲ್ಲಿ ಕೆಲಸ ಕೊಡಿಸಿದ್ದೂ ಅದೇ ಪಕ್ಷ. ನಾನೂ ಬಹಳ ವರ್ಷ ಆ ಪಕ್ಷದ ಬಾವುಟ ಹಿಡಿದು ಬಿಸಿಲಲ್ಲಿ ನಡೆದವನೇ.

ಕೊಚ್ಚಿಯ ಉತ್ತರಕ್ಕೆ ಹಿನ್ನೀರಿನ ನಡುವೆ ಇರುವ ದ್ವೀಪ ನಮ್ಮದು, ಮಾಟ್ಟುತುರುತ್ತು. ನಾನು ಹುಡುಗನಾಗಿದ್ದಾಗ ವೃಶ್ಚಿಕದ ಉಬ್ಬರ ಗದ್ದೆಯ ಬದುವಿನ ತನಕ ಬಂದು, ಸಿಗಡಿಮರಿಗಳನ್ನು ಬಿಟ್ಟು, ಮರ್ಯಾದೆಯಿಂದ ಹಿಂದೆ ಹೋಗುತ್ತಿತ್ತು. ನನ್ನ ಮದುವೆಯ ಕಾಲಕ್ಕೆ ಅಂಗಳದ ತೆಂಗಿನ ಬುಡಕ್ಕೆ ಬಂತು. ಸೆಬಾನ್ ಹುಟ್ಟಿದ ವರ್ಷ ಮೆಟ್ಟಿಲು ಹತ್ತಿತು. ಈಗ ವೃಶ್ಚಿಕದಿಂದ ಮೇಷದವರೆಗೆ, ಅಂದರೆ ನವೆಂಬರಿನಿಂದ ಏಪ್ರಿಲ್ ತನಕ, ಪ್ರತಿ ಅಮಾವಾಸ್ಯೆಗೆ, ಪ್ರತಿ ಹುಣ್ಣಿಮೆಗೆ, ಅದರ ಹಿಂದೆ ಮುಂದೆ ಕೆಲವು ದಿನ, ಕೇಳದೆಯೇ ಒಳಗೆ ಬಂದು ಹೋಗುತ್ತದೆ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟಿದ್ದೇವೆ, ಕಪಾಟಿನ ಕಾಲಿಗೂ ಕೊಟ್ಟಿದ್ದೇವೆ. ಗೋಡೆಯನ್ನು ಬೆರಳಿಂದ ತಿಕ್ಕಿದರೆ ಹಿಟ್ಟಿನ ಹಾಗೆ ಉದುರುತ್ತದೆ. ಕಕ್ಕಸಿನ ಗುಂಡಿ ತುಂಬಿ ಮೇಲಕ್ಕೆ ಬರುತ್ತದೆ. ಆ ದಿನಗಳಲ್ಲಿ ಹೆಂಗಸರು ಸೇತುವೆ ದಾಟಿ ನೆಂಟರ ಮನೆಗೆ ಹೋಗಬೇಕು. ಇಲ್ಲವೇ ಇಳಿತ ಬರುವ ತನಕ ತಡೆದುಕೊಂಡಿರಬೇಕು.

ಆ ಸಂಜೆ ಎಲ್ಲರೂ ಮಂಚದ ಮೇಲೆ ಕಾಲು ಮಡಚಿ ಕೂತು ಗಂಜಿ ಕುಡಿದೆವು. ನಂಚಿಕೊಳ್ಳಲು ಒಣಸಿಗಡಿ ಚಟ್ನಿ ಇತ್ತು. ಮೊಮ್ಮಗಳು ಎವ್ಲಿನ್ ಕಾಲೇಜಿಗೆ ಹೋಗುವವಳು. ಸುಮ್ಮನೆ ಕೂರುವ ಪೈಕಿಯಲ್ಲ.

“ಸಮುದ್ರ ಬಿಸಿಯಾಗ್ತಾ ಇದೆ ಅಮ್ಮಾಮ್ಮ. ಬಿಸಿಯಾದ ನೀರು ಉಬ್ಬುತ್ತೆ. ಮಂಜುಗಡ್ಡೆಯೂ ಕರಗ್ತಾ ಇದೆ. ಅದಕ್ಕೇ ಈ ಗತಿ.”

“ಹಾಲು ಉಕ್ಕೋ ಹಾಗೆ ಅನ್ನು. ಒಲೆ ಹಚ್ಚಿದ್ದು ಯಾರು?”

“ಕಾರ್ಖಾನೆ, ಕಾರು, ವಿಮಾನ. ದೊಡ್ಡ ದೊಡ್ಡ ದೇಶಗಳು.”

“ನಾವಲ್ಲ ತಾನೇ? ಹಾಗಾದ್ರೆ ಹಚ್ಚಿದೋರನ್ನ ಕೇಳೋರು ಯಾರು?”

“ಸರ್ಕಾರ ಕೇಳ್ಬೇಕು. ಸರ್ಕಾರವನ್ನ ಎಮ್ಮೆಲ್ಲೆ ಕೇಳ್ಬೇಕು. ಎಮ್ಮೆಲ್ಲೆಯನ್ನ ಮೆಂಬರ್ ಕೇಳ್ಬೇಕು.”

ಎಲ್ಲರೂ ಷೈಬಿಯತ್ತ ತಿರುಗಿದರು. ಅವಳು ಬಟ್ಟಲಿನಿಂದ ತಲೆ ಎತ್ತಲಿಲ್ಲ.

“ಕೇಳಿದ್ದೀನಿ. ಬಿರುಗಾಳಿ ಬಂದ್ರೆ ವಿಪತ್ತು ಅಂತೆ, ಪ್ರವಾಹ ಬಂದ್ರೆ ವಿಪತ್ತು ಅಂತೆ. ಉಬ್ಬರ ಅಲ್ಲವಂತೆ. ಅದು ಹದಿನೈದು ದಿನಕ್ಕೊಮ್ಮೆ ತಾನೇ ಬಂದು ತಾನೇ ಹೋಗುತ್ತೆ, ಅದಕ್ಕೆ ಕಾನೂನಿಲ್ಲ ಅಂದ್ರು. ವಿಪತ್ತು ಅಂತ ಅವರು ಒಪ್ಪಿಕೊಂಡ್ರೆ ತಾನೇ ಮನೆ ಎತ್ತರಿಸೋಕೆ, ಬದು ಕಟ್ಟೋಕೆ ಏನಾದ್ರೂ ಬರೋದು?”

“ದಿನಾ ಹೊಡೆಯೋ ಗಂಡನ ಏಟು ಏಟೇ ಅಲ್ಲ ಅಂದ ಹಾಗಾಯ್ತು,” ಅಂದಳು ಮರ್ಗಲೀತ. “ನೀನು ಮೆಲ್ಲಗೆ ಕೇಳ್ತೀಯ ಕಣೇ. ಅವರಿಗೆ ಕೇಳಿಸಲ್ಲ.”

“ಅಮ್ಮಚ್ಚೀ, ಪಕ್ಷದ ವಿಷಯ ಮನೆಯಲ್ಲಿ ಬೇಡ,” ಅಂದ ಸೆಬಾನ್.

“ಮತ್ತೆ ಎಲ್ಲಿ? ಮನೆಯೊಳಗೆ ನೀರಿದೆ, ಪಕ್ಷ ಯಾಕಿರಬಾರದು?”

ಷೈಬಿ ಅಲೆದು ಅಲೆದು ಕೊನೆಗೆ ಅಧಿಕಾರಿಗಳನ್ನು ಒಪ್ಪಿಸಿದಳು. ಬಂದು ನೋಡಿ ವರದಿ ಮಾಡುತ್ತೇವೆ, ಯಾವ ದಿನ ಬರೋಣ ಎಂದು ಅವರು ಕೇಳಿದರು. ದಿನ ಹೇಳಿದವಳು ಮರ್ಗಲೀತ. ಅಷ್ಟಮಿ.

ಇದು ನಮ್ಮ ದ್ವೀಪದ ಪದ್ಧತಿ. ಅಷ್ಟಮಿಯ ಆಸುಪಾಸಿನಲ್ಲಿ ನೀರಿಗೆ ಬಲವಿರುವುದಿಲ್ಲ, ಅಂಗಳ ಒಣಗಿರುತ್ತದೆ. ಹೆಣ್ಣು ನೋಡಲು ಬರುವವರನ್ನು ನಾವು ಅಷ್ಟಮಿಗೆ ಕರೆಯುತ್ತೇವೆ. ನಿಶ್ಚಿತಾರ್ಥ, ಮದುವೆ, ಹೊಸ ಮನೆಯ ಪ್ರಾರ್ಥನೆ, ಎಲ್ಲವೂ ಆಗಲೇ. ದೂರದಿಂದ ಬಂದ ಮನುಷ್ಯನ ಕಾಲನ್ನು ಉಪ್ಪುನೀರಲ್ಲಿ ಇಳಿಸಿ ಊಟಕ್ಕೆ ಕೂರಿಸುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿ ಇಲ್ಲ.

ಅಧಿಕಾರಿಗಳು ಅಷ್ಟಮಿಗೆ ಬಂದರು. ಮರ್ಗಲೀತ ಗೋಡೆಗೆ ಸುಣ್ಣ ಬಳಿಸಿದ್ದಳು. ಕರಿಮೀನು ಹುರಿದು, ಬೇಯಿಸಿದ ಮರಗೆಣಸಿನ ಜೊತೆ ಬಡಿಸಿದಳು. ಅವರು ಒಣ ಅಂಗಳದಲ್ಲಿ ಓಡಾಡಿ, ಫೋಟೋ ಹಿಡಿದು, ಮೀನು ಚೆನ್ನಾಗಿತ್ತು ಎಂದು ಹೇಳಿ ಹೋದರು. ತುರ್ತಾಗಿ ಏನನ್ನೂ ಮಾಡುವ ಅಗತ್ಯ ಕಾಣುತ್ತಿಲ್ಲ ಎಂದು ವರದಿ ಬಂತು.

ಷೈಬಿ ಅದನ್ನು ಓದಿ ಹೇಳಿದಾಗ ಎವ್ಲಿನ್, “ಕರಿಮೀನಿನ ಬಗ್ಗೆ ಏನಾದ್ರೂ ಬರೆದಿದ್ದಾರಾ?” ಎಂದು ಕೇಳಿ ಅಜ್ಜಿಯಿಂದ ಸೌಟಿನ ಏಟು ತಿಂದಳು.

ಹುಣ್ಣಿಮೆಗೆ ಮತ್ತೆ ನೀರು ಬಂತು. ಅದು ಇಳಿದ ಮೇಲೆ ಪಕ್ಷದ ಸ್ಥಳೀಯ ಕಾರ್ಯದರ್ಶಿ ತಂಗಪ್ಪನ್ ಒಂದು ಗಾಡಿ ತುಂಬ ಕಿಟ್ ತಂದ. ಶಾಸಕ ಹರೀಂದ್ರನ್ ಕಳಿಸಿದ್ದು. ಅಕ್ಕಿ, ಬೇಳೆ, ಕೊಬ್ಬರಿ ಎಣ್ಣೆ, ಒಂದು ಹೊದಿಕೆ, ಒಂದು ಬಾಟಲಿ ಫಿನಾಯಿಲ್. ಷೈಬಿಯ ಕೈಯಿಂದಲೇ ಹಂಚಿಸಬೇಕೆಂದು ಅವನ ಆಸೆ. ಅವಳು ಮೊದಲ ಕಿಟ್ ಹಿಡಿದು ಪಕ್ಕದ ಮನೆಯ ಕುಂಞಮ್ಮಳ ಮುಂದೆ ನಿಂತಳು. ಕುಂಞಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಬೇಡ ಮೋಳೇ.”

“ಯಾಕೆ ಚೇಚೀ?”

“ಇದು ತಿಂದ್ರೆ ಕಕ್ಕಸಿಗೆ ಹೋಗ್ಬೇಕಾಗುತ್ತೆ. ಅದಕ್ಕೆ ಜಾಗ ಇಲ್ಲ.”

ಸಾಲಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಕೈ ಹಿಂದೆ ಕಟ್ಟಿದರು. ಮರ್ಗಲೀತ ಆ ಸಾಲಿನಲ್ಲೇ ಇದ್ದಳು. ಅವಳೂ ಸೊಸೆಯ ಕೈಯಿಂದ ತೆಗೆದುಕೊಳ್ಳಲಿಲ್ಲ. ತಂಗಪ್ಪನ್ ಗಾಡಿ ತಿರುಗಿಸುವಾಗ, “ಅತ್ತೆಯನ್ನೇ ಹಿಡಿತದಲ್ಲಿ ಇಟ್ಟುಕೊಳ್ಳೋಕೆ ಆಗದವರು ವಾರ್ಡನ್ನ ಹೇಗೆ ಇಟ್ಕೊಳ್ತೀರಿ ಮೇಡಂ?” ಅಂದ.

ಆ ಮಧ್ಯಾಹ್ನ ಮೀನು ಹೆಚ್ಚುತ್ತಾ ಕೂತಿದ್ದ ಷೈಬಿ ಕತ್ತಿ ನಿಲ್ಲಿಸಿ ಹೇಳಿದಳು: “ಮುಂದಿನ ಗ್ರಾಮಸಭೆ ಅಮಾವಾಸ್ಯೆಗೆ ಇಡ್ತೀನಿ. ಹಗಲು, ಉಬ್ಬರದ ಹೊತ್ತಿಗೆ. ತೂಬಿನ ಪಕ್ಕದ ಅಂಗನವಾಡಿಯಲ್ಲಿ. ಎಮ್ಮೆಲ್ಲೆಯನ್ನ ಕರೀತೀನಿ. ಕಿಟ್ ತಾವೇ ಬಂದು ಹಂಚಲಿ.”

ಮರ್ಗಲೀತ ಸಂತೋಷ ಪಡುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಅವಳು ಸಿಡಿದುಬಿದ್ದಳು.

“ಅಮಾವಾಸ್ಯೆಗಾ? ತಲೆ ಕೆಟ್ಟಿದೆಯಾ ನಿನಗೆ? ಕರೆದು ಮನುಷ್ಯನನ್ನ ಕೊಚ್ಚೇಲಿ ನಿಲ್ಲಿಸ್ತೀಯಾ?”

“ಗಟ್ಟಿಯಾಗಿ ಕೇಳು ಅಂದಿದ್ದು ನೀವೇ.”

“ಕೇಳು ಅಂದೆ. ಊರಿನ ಮಾನ ಹರಾಜು ಹಾಕು ಅಂದ್ನಾ? ನಾಳೆ ಎವ್ಲಿನ್‌ನ ಕೇಳ್ಕೊಂಡು ಯಾರು ಬರ್ತಾರೆ ಈ ಊರಿಗೆ?”

“ಅಮ್ಮಾಮ್ಮ, ನೀರಿಗೆ ಹೆದರೋ ಗಂಡು ನನಗೆ ಬೇಡ,” ಅಂದಳು ಎವ್ಲಿನ್.

“ನೀನು ಬಾಯಿ ಮುಚ್ಚು.”

“ಅಮ್ಮಚ್ಚೀ,” ಷೈಬಿ ಕೈ ತೊಳೆದು ಎದ್ದು ನಿಂತಳು. “ನಾನು ಈ ಮನೆಗೆ ಮದುವೆಯಾಗಿ ಬಂದೆನಲ್ಲ. ನೋಡೋಕೆ ಬಂದಾಗ ಅಷ್ಟಮಿ, ನಿಶ್ಚಯಕ್ಕೆ ಅಷ್ಟಮಿ, ಮದುವೆಗೂ ಅಷ್ಟಮಿ. ಅದಾದ ವಾರಕ್ಕೆ ಹಾಸಿಗೆ ಕೆಳಗೆ ನೀರು ನೋಡಿ ಅತ್ತುಬಿಟ್ಟೆ. ನಮ್ಮಪ್ಪನಿಗೆ ಯಾರೂ ಹೇಳಿರಲಿಲ್ಲ. ಆ ಅಧಿಕಾರಿಗಳಿಗೂ ನಾವು ಹೇಳಲಿಲ್ಲ. ಇನ್ನೂ ಎಷ್ಟು ಜನಕ್ಕೆ ಹೇಳದೆ ಇರೋಣ?”

ಮರ್ಗಲೀತ ಮೀನಿನ ಬಟ್ಟಲನ್ನು ಎಳೆದುಕೊಂಡು ಸೊಸೆ ಆಗಲೇ ಹೆಚ್ಚಿ ಮುಗಿಸಿದ್ದ ಬೂತಾಯಿ ಮೀನನ್ನು ಮತ್ತೆ ಹೆಚ್ಚಿದಳು. ಆ ದಿನ ಸಾರಿನಲ್ಲಿ ಮೀನು ಯಾವುದು ಮುಳ್ಳು ಯಾವುದು ಗೊತ್ತಾಗಲಿಲ್ಲ.

ಅಲ್ಲಿಂದ ಮುಂದೆ ಅತ್ತೆ ಸೊಸೆಗೆ ಮಾತು ನಿಂತಿತು. ಉಪ್ಪು ಬೇಕಾದರೂ ನನ್ನ ಮೂಲಕ ಕೇಳುವರು.

“ಅಪ್ಪಚ್ಚಾ, ತೆಂಗಿನಕಾಯಿ ತುರಿದಾಯ್ತಾ ಅಂತ ಕೇಳಿ.”

“ತುರಿದಾಯ್ತು, ಕಣ್ಣಿದ್ದೋರಿಗೆ ಕಾಣುತ್ತೆ ಅಂತ ಹೇಳ್ರೀ.”

ನಾನು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಇಬ್ಬರಿಗೂ ಕೇಳಿಸಿರುತ್ತಿತ್ತು.

ಸೆಬಾನ್ ಗಂಡನಾಗಿ ಜಗಳಕ್ಕೆ ಬಂದ. “ದಿನ ಬದಲಾಯಿಸು. ತಂಗಪ್ಪನ್‌ಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ.”

“ಸಭೆಯ ದಿನ ಗೊತ್ತುಮಾಡೋದು ಮೆಂಬರ್. ಡಂಗುರ ಸಾರಿ ಆಗಿದೆ.”

“ಹೋದ ಕೆಲಸ ಯಾರು ಕೊಡಿಸ್ತಾರೆ?”

“ಗೊತ್ತಿಲ್ಲ ಸೆಬಾನ್. ಇರೋ ಮನೆ ಹೋದ್ರೆ ಯಾರು ಕೊಡಿಸ್ತಾರೆ, ಅದೂ ಗೊತ್ತಿಲ್ಲ.”

ಸಭೆಯ ದಿನ ಅಮಾವಾಸ್ಯೆ ಎಂದು ತಂಗಪ್ಪನಿಗೆ ಗೊತ್ತಾಗಲಿಲ್ಲ. ಅವನು ಸೇತುವೆಯ ಆಚೆಯವನಾದರೂ ನಮ್ಮ ಪದ್ಧತಿ ಬಲ್ಲ. ಇಲ್ಲಿಯವರು ಅತಿಥಿಯನ್ನು ಕೆಟ್ಟ ದಿನ ಕರೆಯುವುದಿಲ್ಲ ಎಂಬ ಭರವಸೆ ಅವನಿಗಿತ್ತು. ಹಾಗಾಗಿ ಪಂಚಾಂಗ ನೋಡಲಿಲ್ಲ.

ಅಮಾವಾಸ್ಯೆಯ ದಿನ ಹರೀಂದ್ರನ್ ಬಿಳಿ ಶರ್ಟು ತೊಟ್ಟು, ಗರಿಗರಿ ಮುಂಡು ಉಟ್ಟು ಬಂದರು. ಕಾರು ಅಂಗನವಾಡಿಯ ಮುಂದೆಯೇ ನಿಂತಿತು. ಜನ ಒಳಗೆ ಹಿಡಿಸದೆ ಜಗುಲಿಯಲ್ಲೂ ಕೂತಿದ್ದರು. ಹರೀಂದ್ರನ್ ಕೆಟ್ಟವರೇನಲ್ಲ. ಬಂದವರೇ ನನ್ನ ಹೆಗಲು ಮುಟ್ಟಿ, “ಲೋನನ್ ಚೇಟ್ಟಾ, ಮಂಡಿನೋವು ಹೇಗಿದೆ?” ಎಂದು ಕೇಳಿದರು. ನಾನು, “ಇದೆ,” ಅಂದೆ.

ಅವರು ಭಾಷಣ ಶುರು ಮಾಡಿದ ಸ್ವಲ್ಪ ಹೊತ್ತಿಗೆ ನೀರು ಬಾಗಿಲ ಸಂದಿನಿಂದ ಬಂತು. ಮೊದಲು ಒಂದು ಗೆರೆ. ಆಮೇಲೆ ಕುರ್ಚಿಗಳ ಕೆಳಗೆಲ್ಲ ಹರಡಿತು. ನಮ್ಮವರು ಯಾರೂ ಕಾಲು ಎತ್ತಲಿಲ್ಲ. ಶಾಸಕರು ಮಾತಾಡುತ್ತಲೇ ಚಪ್ಪಲಿ ನೋಡಿಕೊಂಡರು. ಪಾದ ಮುಳುಗಿತು. ಕಣಕಾಲು ಮುಳುಗಿತು. ಮಾತು ನಿಂತಿತು.

“ಇದೇನು ತಂಗಪ್ಪಾ?”

ತಂಗಪ್ಪನ್ ಹೊರಗೆ ಓಡಿ ಹೋಗಿ ಮುಖ ಬಾಡಿಸಿಕೊಂಡು ಬಂದ. ರಸ್ತೆ ಮುಳುಗಿತ್ತು, ಕಾರಿನ ಅರ್ಧ ಚಕ್ರ ನೀರಲ್ಲಿತ್ತು.

“ದೋಣಿ ಇದೆಯಾ? ದೋಣಿಯವರು ಯಾರು?”

“ನಾನೇ ಸರ್,” ಮುಂದಿನ ಸಾಲಿನಿಂದ ಪೈಲಿ ಎದ್ದ. “ಸಭೆ ಮುಗಿದ ತಕ್ಷಣ ಬಿಡ್ತೀನಿ.”

“ಷೈಬಿ, ಇದು ಘೇರಾವೋ?”

“ಅಲ್ಲ ಸರ್. ಬಾಗಿಲು ತೆಗೆದೇ ಇದೆ. ಯಾರೂ ಅಡ್ಡ ನಿಂತಿಲ್ಲ.”

“ಎಷ್ಟು ಸಲ ಬಂದಿಲ್ಲ ನಾನು ಇಲ್ಲಿಗೆ? ಎಷ್ಟು ಮದುವೆ ಊಟ ಮಾಡಿಲ್ಲ? ಒಂದು ದಿನವೂ ಹೀಗೆ ನೋಡಿಲ್ಲವಲ್ಲ!”

ಆಗ ಹೆಂಗಸರ ನಡುವಿನಿಂದ ಮರ್ಗಲೀತ ಎದ್ದಳು. ಬರುವುದಿಲ್ಲ ಎಂದು ಮನೆಯಲ್ಲಿ ಉಳಿದಿದ್ದವಳು ಯಾವಾಗ ಬಂದು ಕೂತಳೋ ನಾನು ನೋಡಿರಲಿಲ್ಲ.

“ನೋಡಿಲ್ಲ, ಯಾಕಂದ್ರೆ ನಾವು ತೋರಿಸಿಲ್ಲ. ನೀವು ಬರ್ತೀರಿ ಅಂದಾಗಲೆಲ್ಲ ಅಷ್ಟಮಿ ನೋಡಿ ಕರೆದ್ವಿ. ಗೋಡೆಗೆ ಸುಣ್ಣ ಬಳಿದ್ವಿ. ಕಲೆ ಕಾಣಬಾರದು ಅಂತ ಪರದೆ ಕಟ್ಟಿದ್ವಿ. ಮಾನ ಮಾನ ಅಂತ ನೀರನ್ನ ಬಚ್ಚಿಟ್ಟೋರು ನಾವೇ. ಇನ್ನು ಬಚ್ಚಿಡಲ್ಲ. ಸರಿಯಾಗಿ ನೋಡ್ಕೊಳ್ಳಿ.”

“ಅಮ್ಮಾ, ಕೋಪ ಅರ್ಥ ಆಗುತ್ತೆ. ಆದರೆ ಇದು ಸಮುದ್ರದ ವಿಷಯ, ಪ್ರಪಂಚದ ವಿಷಯ. ಹೊಗೆ ಬಿಡೋರು ಎಲ್ಲೋ ಇದ್ದಾರೆ. ನಾನೊಬ್ಬ ಎಮ್ಮೆಲ್ಲೆ ಏನು ಮಾಡಲಿ?”

“ಎಲ್ಲೋ ಇರೋರನ್ನ ನಾವು ಕೇಳೋಕಾಗಲ್ಲ ಸರ್,” ಎವ್ಲಿನ್ ಕೂತಲ್ಲಿಂದಲೇ ಹೇಳಿದಳು. “ನಿಮ್ಮನ್ನ ಕೇಳ್ತೀವಿ. ನೀವು ನಿಮ್ಮ ಮೇಲಿನೋರನ್ನ ಕೇಳಿ, ಅವರು ಅವರ ಮೇಲಿನೋರನ್ನ. ಮತ ಕೇಳೋಕೆ ಮೇಲಿಂದ ಇಳಿದು ಬರ್ತೀರಲ್ಲ, ಅದೇ ದಾರಿ.”

ಷೈಬಿ ಠರಾವು ಓದಿದಳು. ಉಬ್ಬರವನ್ನು ವಿಪತ್ತು ಎಂದು ಒಪ್ಪಬೇಕು. ಮನೆಗಳನ್ನು ಕಂಬದ ಮೇಲೆ ಎತ್ತರಿಸಬೇಕು, ಬದುಗಳುದ್ದಕ್ಕೂ ಉಪ್ಪುನೀರಲ್ಲಿ ಬೇರೂರಿ ಮಣ್ಣು ಹಿಡಿಯುವ ಕಾಂಡ್ಲಾ ಗಿಡ ನೆಡಬೇಕು, ಅಳಿವೆಯ ಹೂಳು ತೆಗೆಸಬೇಕು. ಏರುತ್ತಿರುವ ಸಮುದ್ರಕ್ಕೆ, ಹೊಗೆಗೆ ಸರ್ಕಾರ ಏನು ಮಾಡುತ್ತದೆಂದು ವಿಧಾನಸಭೆಯಲ್ಲಿ ಒಂದು ದಿನ ಅದನ್ನೇ ಚರ್ಚಿಸಬೇಕು. ಅಲ್ಲಿ ಏನಾಯಿತೆಂದು ಶಾಸಕರು ಇಲ್ಲಿಗೇ ಬಂದು ಹೇಳಬೇಕು.

“ಇದನ್ನ ಪಕ್ಷದಲ್ಲಿ ಮೊದಲು ಮಾತಾಡೋಣ. ಇವತ್ತು ಬೇಡ,” ಅಂದ ತಂಗಪ್ಪನ್. ಷೈಬಿ ಅವನ ಕಡೆ ನೋಡಿದಳು, ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿದಳು.

“ಒಪ್ಪುವವರು ಕೈ ಎತ್ತಿ,” ಅಂದಳು.

ಹೆಂಗಸರೆಲ್ಲರ ಕೈ ಒಮ್ಮೆಗೇ ಮೇಲೆ ಹೋಯಿತು. ಹಾಸಿಗೆ ಹಿಡಿದವರನ್ನೂ ಕುರ್ಚಿಯಲ್ಲಿ ಹೊತ್ತು ತಂದಿದ್ದರು, ಅವರೂ ಎತ್ತಿದರು. ಗಂಡಸರಲ್ಲಿ ಕೆಲವರು ತಂಗಪ್ಪನ ಮುಖ ನೋಡಿ ತಡೆದು ಎತ್ತಿದರು. ಸೆಬಾನ್ ಕೊನೆಗೆ ಎತ್ತಿದ.

“ಸರ್, ನೀವು?” ಕುಂಞಮ್ಮ ಕೇಳಿದಳು.

“ನಾನು ಈ ವಾರ್ಡಿನ ಮತದಾರ ಅಲ್ಲಮ್ಮ. ಕೈ ಎತ್ತೋ ಹಾಗಿಲ್ಲ.”

“ಕೈ ಬೇಡ, ಮುಂಡಾದ್ರೂ ಎತ್ತಿ. ನೆನೀತಾ ಇದೆ.”

ಅವರೂ ನಕ್ಕರು. ಮುಂಡು ಎತ್ತಿ ಕಟ್ಟಿದರು. ಪೈಲಿ ದೋಣಿ ತರಲು ಹೋದ. ಅದು ಬರುವಷ್ಟರಲ್ಲಿ ಶಾಸಕರು ಮೆಲ್ಲಗೆ ಸೆಬಾನನ ಕಿವಿಯಲ್ಲಿ ಏನೋ ಕೇಳಿದರು. ಸೆಬಾನ್ ತಲೆ ಕೆರೆದುಕೊಂಡ. ಮರ್ಗಲೀತಳಿಗೆ ಅರ್ಥವಾಯಿತು.

“ಕಕ್ಕಸಾ? ಇಲ್ಲ ಸರ್. ಇಳಿತ ಬರಬೇಕು. ನಾವೂ ಹಾಗೇ ಕೂತಿದ್ದೀವಿ.”

ಈ ಸಲ ಅವರು ನಗಲಿಲ್ಲ. ಹೆಂಗಸರ ಸಾಲನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದರು. “ವಿಧಾನಸಭೆಯಲ್ಲಿ ಮಾತಾಡ್ತೀನಿ,” ಎಂದು ಮಾತ್ರ ಹೇಳಿ ದೋಣಿ ಹತ್ತಿದರು.

ಮರುದಿನ ಪತ್ರಿಕೆಯಲ್ಲಿ ಮುಂಡು ಎತ್ತಿಕೊಂಡು ನೀರಲ್ಲಿ ನಿಂತ ಶಾಸಕರ ಫೋಟೋ ಬಂತು. ಅದೇ ಸಂಜೆ ಸೆಬಾನ್ ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ.

“ನಾಳೆಯಿಂದ ಮಳಿಗೆಗೆ ಬರೋದು ಬೇಡ ಅಂದ್ರು.”

ಷೈಬಿಯ ಕೈಯ ಸೌಟು ಅಲ್ಲೇ ನಿಂತಿತು.

“ಬಡಿಸು,” ಅಂದ ಸೆಬಾನ್. “ಪೈಲಿಯ ದೋಣಿಗೆ ಆಳು ಬೇಕಂತೆ.”

“ಇನ್ನೊಂದು ತುಂಡು ಮೀನು ಹಾಕೇ ಅವನಿಗೆ,” ಅಂದಳು ಮರ್ಗಲೀತ, ನೇರವಾಗಿ ಸೊಸೆಗೇ.

ಅದರ ಮರುದಿನ ಬೆಳಿಗ್ಗೆ ತಂಗಪ್ಪನ್ ಇಬ್ಬರನ್ನು ಕರೆದುಕೊಂಡು ಬಂದ. ಷೈಬಿ ಹಾಲಿಲ್ಲದ ಚಹಾ ಕೊಟ್ಟಳು. ಅವನು ಲೋಟ ಮುಟ್ಟಲಿಲ್ಲ.

“ಆರೋಗ್ಯ ಸರಿಯಿಲ್ಲ ಅಂತ ರಾಜೀನಾಮೆ ಕೊಡಿ ಮೇಡಂ. ಗೌರವದಿಂದ ಮುಗಿಯುತ್ತೆ.”

“ನನಗೇನೂ ಆಗಿಲ್ಲ. ಗಟ್ಟಿಯಾಗಿದ್ದೀನಿ.”

“ಪಕ್ಷ ಕೊಟ್ಟ ಸ್ಥಾನ ಅದು.”

“ನಿಲ್ಲಿಸಿದ್ದು ಪಕ್ಷ. ಗೆಲ್ಲಿಸಿದ್ದು ಇವರು. ವಿಧಾನಸಭೆ ಶುರುವಾದ ದಿನ ನಾವೆಲ್ಲ ತಿರುವನಂತಪುರಕ್ಕೆ ಹೋಗ್ತಿದ್ದೀವಿ, ಎಮ್ಮೆಲ್ಲೆ ಮಾತಾಡ್ತಾರಾ ಇಲ್ವಾ ನೋಡೋಕೆ. ಮೆಂಬರ್ ಆಗಿಯೇ ಹೋಗ್ತೀನಿ.”

ತಂಗಪ್ಪನ್ ನನ್ನ ಕಡೆ ತಿರುಗಿದ. “ಲೋನನ್ ಚೇಟ್ಟಾ, ನೀವು ಹಳೆಯ ಪಕ್ಷದವರು. ಒಂದು ಮಾತು ಹೇಳಿ ಇವರಿಗೆ.”

ಎಲ್ಲರೂ ನನ್ನನ್ನು ನೋಡಿದರು. ನಾನು ಹೊಲಿಯುತ್ತಿದ್ದ ಬಲೆಯನ್ನು ಕೆಳಗಿಟ್ಟೆ.

“ಇವಳು ರಾಜೀನಾಮೆ ಕೊಟ್ರೆ ಮುಂದೇನು ತಂಗಪ್ಪಾ?”

“ಉಪಚುನಾವಣೆ. ಬೇರೆಯವರನ್ನ ನಿಲ್ಲಿಸ್ತೀವಿ.”

“ವಾರ್ಡು ಹೆಂಗಸರಿಗೇ ತಾನೇ?”

“ಹೌದು.”

“ಹಾಗಾದ್ರೆ ಈಗಲೇ ಹೋಗಿ ಹುಡುಕಪ್ಪ. ಆ ದಿನ ನೀರಲ್ಲಿ ಕೈ ಎತ್ತದ ಒಬ್ಬ ಹೆಂಗಸು ಈ ದ್ವೀಪದಲ್ಲಿ ಸಿಕ್ಕಿದ್ರೆ ಕರ್ಕೊಂಡು ಬಾ. ಇವಳ ರಾಜೀನಾಮೆ ನಾನು ಕೊಡಿಸ್ತೀನಿ.”

ತಂಗಪ್ಪನ್ ಎದ್ದು ಅಂಗಳಕ್ಕೆ ಇಳಿದ. ಬಲಗಡೆಯ ಜಗುಲಿಯಲ್ಲಿ ಕುಂಞಮ್ಮ ಒದ್ದೆ ಚಾಪೆ ಒಣಹಾಕುತ್ತಿದ್ದಳು. ಎಡಗಡೆ ಪೈಲಿಯ ಹೆಂಡತಿ ಪಾತ್ರೆ ತಿಕ್ಕುವುದನ್ನು ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಅವನು ಯಾವ ಕಡೆ ಹೋಗಲಿ ಎಂದು ಸ್ವಲ್ಪ ಹೊತ್ತು ನಿಂತ. ಆಮೇಲೆ ನೇರವಾಗಿ ಸೇತುವೆಯ ಕಡೆ ನಡೆದ.